ಒಂದು ಪಾಯಿಂಟ್ ಆರರ ಲೆಕ್ಕ

2017ರ ಏಪ್ರಿಲ್‌ನಲ್ಲಿ, ಪ್ರಥಮ ಪಿಯುಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ ನಾನೂ ನನ್ನ ಗೆಳತಿಯೂ ನೇಪಾಳದ ನುವಾಕೋಟ್ ಜಿಲ್ಲೆಗೆ, ಭೂಕಂಪದಲ್ಲಿ ಬಿದ್ದ ಮನೆಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ, ಸ್ವಯಂಸೇವಕಿಯರಾಗಿ ಹೋಗಿದ್ದೆವು. ನಮಗಾಗ ಹದಿನೇಳು ವರ್ಷ. ಗೆಳತಿಯನ್ನು ಮನೆಯಲ್ಲಿ ಪಮ್ಮಿ ಎಂದು ಕರೆಯುತ್ತಿದ್ದರು; ಇಲ್ಲಿಯೂ ಆ ಹೆಸರೇ ಸಾಕು. ಆ ಪ್ರವಾಸದ ಬಗ್ಗೆ ಕೇಳಿದವರಿಗೆಲ್ಲ ನಾನು ಇಷ್ಟು ವರ್ಷ ಕಲ್ಲು ಹೊತ್ತದ್ದನ್ನೂ ಬೆಳಗಿನ ಹೊತ್ತು ಹಿಮದ ಬೆಟ್ಟ ಕಂಡದ್ದನ್ನೂ ಹೇಳುತ್ತ ಬಂದಿದ್ದೇನೆ. ಕಠ್ಮಂಡುವಿನ ಲಾಡ್ಜೊಂದರ ಕೋಣೆಯಲ್ಲಿ ಕಳೆದ ಐದು ದಿನಗಳ ವಿಷಯವನ್ನು ಮಾತ್ರ ಯಾರಿಗೂ ಹೇಳಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಹೇಳಿದಂತಾಗುವುದಿಲ್ಲ ಎಂದು ತಡವಾಗಿ ಅನ್ನಿಸಿದ್ದರಿಂದ ಈಗ ಬರೆಯುತ್ತಿದ್ದೇನೆ.

ನಮ್ಮ ಮನೆ ಸಾಗರದ ಪೇಟೆಯಲ್ಲಿ. ಅಪ್ಪ ಅಲ್ಲಿನ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಪಮ್ಮಿಯದು ತಾಳಗುಪ್ಪದ ಕಡೆಯ ಹಳ್ಳಿ. ಎರಡೂವರೆ ಎಕರೆ ತೋಟ, ಅದರ ಹಿಂದೆ ಸೊಪ್ಪಿನ ಬೆಟ್ಟ. ಎಂಟನೇ ತರಗತಿಯಿಂದ ನಾವು ಒಂದೇ ಬೆಂಚು. ಮಳೆಗಾಲದಲ್ಲಿ ಸಂಜೆಯ ಬಸ್ಸು ತಪ್ಪಿದರೆ ಅವಳು ನಮ್ಮ ಮನೆಯಲ್ಲಿ ಉಳಿಯುತ್ತಿದ್ದಳು. ಬೇಸಿಗೆ ರಜೆಯಲ್ಲಿ ನಾನು ಅವರ ಮನೆಗೆ ಹೋಗಿ, ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯ ಮೇಲೆ ಹರಿದು ಹಿತ್ತಲಿಗೆ ಬರುವ ಅಬ್ಬಿ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯುತ್ತ ವಾರಗಟ್ಟಲೆ ಇರುತ್ತಿದ್ದೆ. ಅವರ ಮನೆಯ ಅಡಿಕೆ ಅಪ್ಪ ಲೆಕ್ಕ ಬರೆಯುವ ಮಂಡಿಗೇ ಬರುತ್ತಿತ್ತು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮಂಡಿ ಎಂದರೆ ಅಡಿಕೆ ಮಾರುವ ಜಾಗ ಮಾತ್ರವಲ್ಲ, ಮುಂದಿನ ಕೊಯ್ಲನ್ನು ನೆಚ್ಚಿಕೊಂಡು ಮದುವೆಗೆ, ಆಸ್ಪತ್ರೆಗೆ, ಮಕ್ಕಳ ಫೀಸಿಗೆ ಮುಂಗಡ ಎತ್ತುವ ಜಾಗವೂ ಹೌದು. ಯಾರ ಖಾತೆಯಲ್ಲಿ ಎಷ್ಟು ಬಾಕಿಯಿದೆ ಎಂಬುದು ಗುಮಾಸ್ತನ ಬಾಯಿಂದ ಹೊರಗೆ ಬೀಳಬಾರದು. ಅಪ್ಪ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಆದರೂ ಆ ಮಾರ್ಚ್‌ನಲ್ಲಿ ಒಂದು ರಾತ್ರಿ, ನಾನು ಮಲಗಿದ್ದೇನೆ ಎಂದುಕೊಂಡು, "ಪಾಪ, ಮಗಳ ನೇಪಾಳಕ್ಕೂ ಮುಂಗಡ ಎತ್ತಿದ್ದಾರೆ" ಎಂದು ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಕೇಳಿಸಿಕೊಂಡು ಮಗ್ಗುಲು ಬದಲಿಸಿ ನಿದ್ದೆ ಹೋಗಿದ್ದೆ.

ಪ್ರವಾಸ ಏರ್ಪಡಿಸಿದ್ದು ನಮ್ಮ ಉಪನ್ಯಾಸಕರೊಬ್ಬರಿಗೆ ಪರಿಚಯವಿದ್ದ ಬೆಂಗಳೂರಿನ ಒಂದು ಸಣ್ಣ ತಂಡ. ಒಟ್ಟು ಹದಿನಾಲ್ಕು ಜನ. ಎಲ್ಲರಿಗಿಂತ ಚಿಕ್ಕವರು ನಾವಿಬ್ಬರೇ. ತಂಡವನ್ನು ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿ, ನಾವು ಮೇಡಂ ಎಂದೇ ಕರೆಯುತ್ತಿದ್ದೆವು. ಹೋಗಿಬರುವ ಖರ್ಚು, ಊಟ, ವಸತಿ ಸೇರಿ ತಲೆಗೆ 14,000 ರೂಪಾಯಿ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಹದಿನೈದರಿಂದ ಹದಿನೆಂಟು ವರ್ಷದವರಿಗೆ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ಸಾಕು. ಹಾಗಾಗಿ ಕಾಗದಪತ್ರದ ಕಷ್ಟ ಅಷ್ಟಿರಲಿಲ್ಲ. ಕಷ್ಟವಾದದ್ದು ಮನೆಯವರನ್ನು ಒಪ್ಪಿಸುವುದು. ಪಮ್ಮಿ ಹೋಗುತ್ತಾಳೆ ಎಂದು ನಮ್ಮ ಮನೆಯಲ್ಲಿ ಒಪ್ಪಿದರು, ನಾನು ಹೋಗುತ್ತೇನೆ ಎಂದು ಅವರ ಮನೆಯಲ್ಲಿ ಒಪ್ಪಿದರು. ಏಪ್ರಿಲ್ 15ರಂದು ಸಾಗರ ಜಂಬಗಾರು ನಿಲ್ದಾಣದಲ್ಲಿ ನಮ್ಮಿಬ್ಬರ ಅಮ್ಮಂದಿರೂ ಒಬ್ಬರ ಮಗಳನ್ನು ಇನ್ನೊಬ್ಬರ ಮಗಳ ಕೈಗೆ ಒಪ್ಪಿಸಿದರು. "ಅವಳ ಮೇಲೆ ಒಂದು ಕಣ್ಣಿಡು" ಎಂಬ ಮಾತನ್ನು ಇಬ್ಬರೂ ಕೇಳಿಸಿಕೊಂಡೆವು. ಆಗ ಅದು ನಗುವ ಮಾತಾಗಿತ್ತು.

ಯಶವಂತಪುರದಿಂದ ಗೋರಖಪುರದವರೆಗೆ ರೈಲು, ಅಲ್ಲಿಂದ ಸೋನೌಲಿ ಗಡಿಗೆ ಬಸ್ಸು. ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಸೆಖೆ, ಪೂರಿ, ನಿದ್ದೆ. ಮುಖ್ಯವಾದದ್ದು ನಡೆದದ್ದು ಗಡಿ ದಾಟಿದ ಮೇಲೆ. ಅಮ್ಮ ಎರಡು ಸಾವಿರದ ಎರಡು ಹೊಸ ನೋಟುಗಳನ್ನು ನನ್ನ ಚೀಲದ ಅಸ್ತರಿನೊಳಗೆ ಹೊಲಿದು, ದೇಶ ದಾಟುವವರೆಗೆ ಬಿಚ್ಚಕೂಡದು ಎಂದು ಆಣೆ ಹಾಕಿಸಿದ್ದರು. ನಾನು ವಿಧೇಯಳಾಗಿ ಬೈರಹವಾದ ಬಸ್ ನಿಲ್ದಾಣದಲ್ಲಿ ಬಿಚ್ಚಿದೆ. ಅಂಗಡಿಯವನು ನೋಟನ್ನು ಮುಟ್ಟಲೂ ಇಲ್ಲ. ನೋಟು ರದ್ದತಿಯಾಗಿ ಐದೇ ತಿಂಗಳಾಗಿತ್ತು; ಹಳೆಯ ಐನೂರು, ಸಾವಿರದ ನೋಟುಗಳಲ್ಲಿ ಕೈಸುಟ್ಟುಕೊಂಡಿದ್ದ ನೇಪಾಳದಲ್ಲಿ ನಮ್ಮ ಹೊಸ ಐನೂರು, ಎರಡು ಸಾವಿರದ ನೋಟುಗಳಿಗೆ ಮಾನ್ಯತೆಯೇ ಇರಲಿಲ್ಲ. ನೂರು ಮತ್ತು ಅದಕ್ಕಿಂತ ಚಿಕ್ಕ ನೋಟು ಮಾತ್ರ ನಡೆಯುತ್ತಿತ್ತು. ಮೇಡಂ ಅದನ್ನು ಬೆಂಗಳೂರಿನಲ್ಲೇ ಹೇಳಿದ್ದರಂತೆ. ನಾನು ಕಿಟಕಿಯಾಚೆ ನೋಡುತ್ತಿದ್ದಿರಬೇಕು. ಪಮ್ಮಿ ಕೇಳಿಸಿಕೊಂಡಿದ್ದಳು, ಅವಳ ಬಳಿ ನೂರರ ನೋಟುಗಳ ಒಂದು ಕಟ್ಟೇ ಇತ್ತು.

"ಎಂತ ಚಿಂತೆ ಮಾಡ್ತೆ ಮಾರಾಯ್ತಿ, ನನ್ನ ಹತ್ರ ಇದ್ಯಲ" ಎಂದಳು. ಹೇಳಿ, ಒಂದು ಪುಟ್ಟ ನೋಟ್‌ಪುಸ್ತಕ ತೆಗೆದು, ನನ್ನ ಹೆಸರು ಬರೆದು, ಕೆಳಗೊಂದು ಗೆರೆ ಎಳೆದಳು. ನೂರು ಭಾರತೀಯ ರೂಪಾಯಿಗೆ ನೂರ ಅರವತ್ತು ನೇಪಾಳಿ ರೂಪಾಯಿ, ಅದು ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಆದ್ದರಿಂದ ಕೊನೆಯಲ್ಲಿ ಒಟ್ಟು ಮೊತ್ತವನ್ನು ಒಂದು ಪಾಯಿಂಟ್ ಆರರಿಂದ ಭಾಗಿಸಿದರೆ ಆಯಿತು ಎಂದು ಲೆಕ್ಕದ ವಿಧಾನವನ್ನೂ ತೀರ್ಮಾನಿಸಿದಳು. ನನಗೆ ಆಗ ಸಮಾಧಾನವೇ ಆಯಿತು.

ಗಡಿಯಾರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೇಪಾಳದ ಸಮಯ ನಮಗಿಂತ ಹದಿನೈದು ನಿಮಿಷ ಮುಂದೆ. ನಾನು ಕೈಗಡಿಯಾರವನ್ನು ಗಡಿಯಲ್ಲೇ ತಿರುಗಿಸಿಕೊಂಡೆ. ಪಮ್ಮಿ, "ಕಾಲು ಗಂಟೆಗೆ ಯಾರು ತಿರುಗಿಸ್ತಾರೆ" ಎಂದು ಹಾಗೆಯೇ ಬಿಟ್ಟಳು. ಮುಂದೆ ಮೂರು ವಾರ, ದಿನಕ್ಕೆ ಎರಡು ಬಾರಿಯಾದರೂ, ಗಂಟೆ ಎಷ್ಟು ಎಂಬ ಪ್ರಶ್ನೆಗೆ ನಮ್ಮಿಬ್ಬರಿಂದ ಎರಡು ಉತ್ತರ ಹೊರಡುತ್ತಿತ್ತು. ಮೊದಲ ವಾರ ಎಲ್ಲರೂ ನಕ್ಕರು, ನಾವೂ ನಕ್ಕೆವು.

ಹಳ್ಳಿ ಇದ್ದದ್ದು ತ್ರಿಶೂಲಿ ನದಿಯ ದಂಡೆಯ ಬಿದುರ್ ಪಟ್ಟಣದಿಂದ ಮೇಲಕ್ಕೆ, ಜೀಪಿನಲ್ಲಿ ಎರಡು ಗಂಟೆಯ ಏರು. ಹೆಚ್ಚಿನವರು ತಮಾಂಗ್ ಜನ. ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಜೋಳದ ಗದ್ದೆ, ನಡುನಡುವೆ ತಗಡಿನ ಗುಡಿಸಲು. 2015ರ ಏಪ್ರಿಲ್ 25ರಂದು, ಮಧ್ಯಾಹ್ನಕ್ಕೆ ನಾಲ್ಕು ನಿಮಿಷ ಮುಂಚೆ ನಡುಗಿದ ನೆಲ 7.8ರ ತೀವ್ರತೆಯದ್ದು; ದೇಶದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಅಂದು ಶನಿವಾರ, ಅಲ್ಲಿ ವಾರದ ರಜೆ. ಶಾಲೆಗಳು ಬಿದ್ದರೂ ಮಕ್ಕಳು ಒಳಗಿರಲಿಲ್ಲ. ನಾವು ಹೋದಾಗ ಎರಡು ವರ್ಷವಾಗುತ್ತ ಬಂದಿದ್ದರೂ ಜನ ಇನ್ನೂ ತಗಡಿನ ಕೆಳಗೇ ಇದ್ದುದನ್ನು ಕಂಡು ನಮ್ಮ ತಂಡದ ಕೆಲವರು ಸರ್ಕಾರವನ್ನು ಬೈದರು. ಆಮೇಲೆ ತಿಳಿಯಿತು: ಮನೆಗೆ ಮೂರು ಲಕ್ಷ ನೇಪಾಳಿ ರೂಪಾಯಿ ಅನುದಾನವಿತ್ತು, ಆದರೆ ಮೂರು ಕಂತಿನಲ್ಲಿ, ಇಂಜಿನಿಯರ್ ಬಂದು ಕಟ್ಟಿದಷ್ಟನ್ನು ನೋಡಿ ಒಪ್ಪಿದರೆ ಮಾತ್ರ ಮುಂದಿನ ಕಂತು. ಕಟ್ಟಬೇಕಾದ ಗಂಡಸರಲ್ಲಿ ಅನೇಕರು ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ ಕೂಲಿಗಿದ್ದರು. ದುಡಿಯುವ ಗಂಡಸಿಲ್ಲದ ಎರಡು ಮನೆಗಳಿಗೆ ಆಳುಗಳಾಗಿ ನಿಲ್ಲುವುದು ನಮ್ಮ ಕೆಲಸ.

ಆಳುಗಳು ಎಂದದ್ದು ವಿನಯಕ್ಕಲ್ಲ. ಗೋಡೆ ಕಟ್ಟುತ್ತಿದ್ದವನು ಆ ಊರಿನ ಡಕರ್ಮಿ, ಅಂದರೆ ಗಾರೆಯವನು. ನಾವು ಅವನಿಗೆ ಕಲ್ಲು, ಮಣ್ಣು ಒದಗಿಸುವವರು. ಬಿದ್ದ ಮನೆಗಳೂ ಕಲ್ಲು ಮಣ್ಣಿನವೇ. ಅವುಗಳ ಗೋಡೆಗೆ ಒಳಮುಖ, ಹೊರಮುಖ ಎಂದು ಎರಡು ಸಾಲು ಕಲ್ಲಿದ್ದು ನಡುವೆ ಚೂರುಕಲ್ಲು ತುಂಬಿರುತ್ತಿತ್ತು. ನೆಲ ಅಲುಗಿದಾಗ ಎರಡು ಸಾಲೂ ಬೇರೆ ಬೇರೆಯಾಗಿ ಒಂದು ಒಳಕ್ಕೂ ಒಂದು ಹೊರಕ್ಕೂ ಬಿದ್ದವು. ಹೊಸ ನಿಯಮದಂತೆ, ಎರಡಡಿ ಎತ್ತರಕ್ಕೊಮ್ಮೆ, ನಾಲ್ಕಡಿ ಅಂತರದಲ್ಲಿ, ಗೋಡೆಯ ಪೂರ್ತಿ ದಪ್ಪಕ್ಕೆ ಚಾಚುವ ಒಂದು ಉದ್ದ ಕಲ್ಲು ಬರಬೇಕು; ಕಿಟಕಿಯ ಕೆಳಗೂ ಬಾಗಿಲಿನ ಮೇಲೂ ಮನೆಯ ಸುತ್ತ ಸೊಂಟಪಟ್ಟಿಯಂತೆ ಕಬ್ಬಿಣ ಹಾಕಿದ ಕಾಂಕ್ರೀಟು ಪಟ್ಟಿ ಓಡಬೇಕು. ಈ ಗೋಡೆಯನ್ನು ಗೆಳೆತನಕ್ಕೆ ಹೋಲಿಸಿ ಅಂದಿನ ಡೈರಿಯಲ್ಲಿ ನಾನೇನೋ ಬರೆದಿದ್ದೇನೆ. ಈಗ ಆ ಪುಟ ಓದಲು ನಾಚಿಕೆಯಾಗುತ್ತದೆ.

ಎರಡನೆಯ ದಿನ ಡಕರ್ಮಿ ನಮಗೂ ನಾಲ್ಕು ಕಲ್ಲು ಇಡಲು ಬಿಟ್ಟ. ನಾವು ಬಹಳ ಅಕ್ಕರೆಯಿಂದ ಇಟ್ಟೆವು. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವನು ನಾಲ್ಕನ್ನೂ ಕಿತ್ತು, ಒಂದೊಂದನ್ನೇ ಅಂಗೈಯಲ್ಲಿ ತಿರುಗಿಸಿ ನೋಡಿ, ಅಗಲದ ಮುಖ ಕೆಳಗೆ ಬರುವಂತೆ ಮತ್ತೆ ಇಟ್ಟಿದ್ದ. ನಮ್ಮ ಹದಿನಾಲ್ಕು ಜನರ ಖರ್ಚನ್ನು ಕೂಡಿಸಿ ಅಂಥ ಇನ್ನೂ ಇಬ್ಬರು ಮೂವರನ್ನು ಕೂಲಿಗೆ ಹಿಡಿದಿದ್ದರೆ ಎರಡು ಮನೆಯೂ ಬೇಗ ಮುಗಿಯುತ್ತಿತ್ತು ಎಂಬ ಅನುಮಾನ ನನಗೆ ಅಂದೇ ಬಂತು, ಇಂದಿಗೂ ಹೋಗಿಲ್ಲ.

ಪಮ್ಮಿಗೆ ಇಂಥ ಅನುಮಾನಗಳಿರಲಿಲ್ಲ. ಅಲ್ಲಿನ ಹೆಂಗಸರು ಡೋಕೋ ಎಂಬ ಬಿದಿರಿನ ಬುಟ್ಟಿಯನ್ನು ಬೆನ್ನಿಗೆ ಇಳಿಬಿಟ್ಟು ಅದರ ನಾಮ್ಲೋ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುತ್ತಾರೆ. ಭಾರವೆಲ್ಲ ಕತ್ತಿಗೆ ಬೀಳುತ್ತದೆ. ಸೊಪ್ಪಿನ ಹೊರೆ ಹೊತ್ತು ಬೆಟ್ಟ ಇಳಿದು ಅಭ್ಯಾಸವಿದ್ದ ಪಮ್ಮಿ ಎರಡೇ ದಿನದಲ್ಲಿ ಅದನ್ನು ಕಲಿತು ಕಲ್ಲು ತರತೊಡಗಿದಳು. ಪೇಟೆಯಲ್ಲಿ ಬೆಳೆದ ನಾನು ಅರ್ಧ ಬುಟ್ಟಿಗೇ ಮುಗ್ಗರಿಸುತ್ತಿದ್ದೆ. ಮನೆಯ ಮುದುಕಿ, ನಾವು ಆಮಾ ಎನ್ನುತ್ತಿದ್ದವರು, ನನ್ನನ್ನು ಕಂಡಾಗಲೆಲ್ಲ "ಬಿಸ್ತಾರೈ, ನಾನಿ, ಬಿಸ್ತಾರೈ" ಎನ್ನುತ್ತಿದ್ದರು: ನಿಧಾನ, ಮಗೂ, ನಿಧಾನ. ಪಮ್ಮಿಗೆ ಹಾಗೆ ಹೇಳುತ್ತಿರಲಿಲ್ಲ. ಅವಳ ಜೊತೆ ಕೈಸನ್ನೆಯಲ್ಲೇ ಹರಟೆ ಹೊಡೆಯುತ್ತಿದ್ದರು. ಏಪ್ರಿಲ್ 25ರಂದು, ಭೂಕಂಪಕ್ಕೆ ಎರಡು ವರ್ಷ ತುಂಬಿದ ದಿನ, ಅವರು ತಮ್ಮ ಮೇಕೆಗಳು ಸತ್ತ ಜಾಗವನ್ನು ತೋರಿಸಲು ಕರೆದುಕೊಂಡು ಹೋದದ್ದೂ ಪಮ್ಮಿಯನ್ನೇ. ನಾನು ದೂರದಿಂದ ನೋಡಿದೆ. ಹೊಟ್ಟೆಕಿಚ್ಚು ಎಂಬ ಮಾತನ್ನು ಬಳಸಲು ಆಗ ನನಗೆ ಧೈರ್ಯವಿರಲಿಲ್ಲ.

ಪುಸ್ತಕದ ಪುಟವೂ ತುಂಬುತ್ತಿತ್ತು. ಸಿಮ್ಮು, ಕೈಗವಸು, ಮೊಬೈಲು ರೀಚಾರ್ಜು. ಒಂದು ದಿನ ಕೆಳಗಿನ ಚಹಾದಂಗಡಿಯಲ್ಲಿ, ಚುನಾವಣೆಯ ಬಾವುಟಗಳ ನಡುವೆ, ಇಡೀ ತಂಡ ಕುಳಿತಿದ್ದಾಗ ನಾನೊಂದು ಬಿಸ್ಕತ್ತು ಪೊಟ್ಟಣಕ್ಕೆ ಕೈ ಚಾಚಿದೆ. ಇಪ್ಪತ್ತು ವರ್ಷಗಳ ಮೇಲೆ ನೇಪಾಳದಲ್ಲಿ ಸ್ಥಳೀಯ ಚುನಾವಣೆ ಬಂದಿತ್ತು, ಮೇ 14ಕ್ಕೆ ಆ ಜಿಲ್ಲೆಯ ಮತದಾನ. ಎಲ್ಲರೂ ಅದರ ಮಾತಿನಲ್ಲಿದ್ದರು. ಪಮ್ಮಿ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಕಚ್ಚಿಕೊಂಡು, "ಇದನ್ನೂ ಬರ್ಕಳ್ಲಾ?" ಎಂದಳು. ತಮಾಷೆಗೇ ಹೇಳಿದ್ದು. ಎಲ್ಲರೂ ನಕ್ಕರು. ನಾನು ಬಿಸ್ಕತ್ತನ್ನು ಅಲ್ಲೇ ಇಟ್ಟೆ. ಊರಿನಲ್ಲಿ ನಾವು ಒಬ್ಬರ ಬಸ್ ಚಾರ್ಜನ್ನು ಇನ್ನೊಬ್ಬರು ಎಷ್ಟು ಬಾರಿ ಕೊಟ್ಟಿದ್ದೇವೋ ಯಾರೂ ಎಣಿಸಿರಲಿಲ್ಲ. ಆದರೆ ಊರಿನಲ್ಲಿ ಸಂಜೆ ಐದಕ್ಕೆ ಅವಳ ಬಸ್ಸು ಹೊರಡುತ್ತಿತ್ತು. ಬೇಸರವಾದರೆ ಬೈಯಲು ಅಮ್ಮ ಇದ್ದರು, ಜಗಳಕ್ಕೆ ತಮ್ಮ ಇದ್ದ, ನನ್ನ ಸೋಮಾರಿತನವನ್ನು ಹಂಚಿಕೊಂಡು ಸಹಿಸಲು ಒಂದು ಮನೆಯೇ ಇತ್ತು. ಇಲ್ಲಿ ಅವೆಲ್ಲವೂ ನನಗೆ ಪಮ್ಮಿಯೇ ಆಗಿದ್ದಳು, ಅವಳಿಗೆ ನಾನಾಗಿದ್ದೆ. ದಿನಕ್ಕೆ ಆರು ಗಂಟೆಯ ಗೆಳೆತನವನ್ನು ಇಪ್ಪತ್ನಾಲ್ಕು ಗಂಟೆಗೆ ಎಳೆದಿದ್ದೆವು.

ಇನ್ನು ನೀರಿನ ಕಥೆ. ಕುದಿಸಿದ್ದನ್ನು ಬಿಟ್ಟು ಬೇರೆ ನೀರು ಮುಟ್ಟಬಾರದು ಎಂಬುದು ಮೇಡಂ ಹಾಕಿದ್ದ ಮೊದಲ ಕಟ್ಟಳೆ. ಹಳ್ಳಿಗೆ ಬಂದ ಮರುದಿನ, ಏಪ್ರಿಲ್ 21ರ ಮಧ್ಯಾಹ್ನ, ನಾವಿಬ್ಬರೂ ಮಣ್ಣು ತರಲು ಹೋದ ದಾರಿಯಲ್ಲಿ ಬಂಡೆಯ ಸಂದಿನಿಂದ ಬಿದಿರಿನ ಕೊಳವೆಯಲ್ಲಿ ನೀರು ಬೀಳುತ್ತಿತ್ತು. ಪಮ್ಮಿ ನಿಂತಳು. "ಥೇಟ್ ನಮ್ಮನೆ ಅಬ್ಬಿ ಕಣೇ" ಎಂದು ಬೊಗಸೆ ಹಿಡಿದು ಕುಡಿದಳು. ನಾನೂ ಕುಡಿದೆ. ಕೊರೆಯುವಷ್ಟು ತಣ್ಣಗಿತ್ತು, ಕಲ್ಲಿನ ರುಚಿಯಿತ್ತು. ಆ ಇಡೀ ಪ್ರವಾಸದಲ್ಲಿ ಬಾಯಿಗೆ ಹಿತವಾದ ಮೊದಲ ವಸ್ತು ಅದು. ಆ ಕೊಳವೆಯ ಮೇಲ್ಭಾಗದಲ್ಲಿ ದನದ ಕೊಟ್ಟಿಗೆಗಳಿದ್ದುದನ್ನು ನಾವು ನೋಡಿದ್ದು ಒಂದು ವಾರದ ನಂತರ.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ರಾತ್ರಿ ಹೊಟ್ಟೆ ಉಬ್ಬಿ, ಕೊಳೆತ ಮೊಟ್ಟೆಯಂಥ ತೇಗು ಬರತೊಡಗಿತು. ಬೆಳಗಾಗುವಷ್ಟರಲ್ಲಿ ನಾನು ಏಳು ಬಾರಿ ಹೊರಗೆ ಹೋಗಿ ಬಂದಿದ್ದೆ. ಪ್ರತಿ ಬಾರಿಯೂ ಪಮ್ಮಿ ಟಾರ್ಚು ಹಿಡಿದು ಜೊತೆಗೆ ಬಂದಳು. "ಮೇಡಂಗೆ ಹೇಳ್ಬೇಡ" ಎಂದೆ. ಹೇಳಿದರೆ ಕೆಳಗೆ ಕಳಿಸುತ್ತಾರೆ ಎಂಬುದು ಗೊತ್ತಿತ್ತು. ಅವಳು ಹೂಂ ಎಂದಳು. ಮರುದಿನ ಬರೀ ಗಂಜಿ ಕುಡಿದು ಮಲಗಿದೆ, ತಲೆನೋವು ಎಂದು ಇಬ್ಬರೂ ಸುಳ್ಳು ಹೇಳಿದೆವು. ಅದರ ಮರುದಿನ, ಮೇ 1ರಂದು, ನಿಲ್ಲಲು ಹೋಗಿ ಕಣ್ಣು ಕತ್ತಲಾಗಿ ಬಿದ್ದೆ. ಎಚ್ಚರವಾದಾಗ ಮೇಡಂ ಓಆರ್‌ಎಸ್ ಕಲಸುತ್ತಿದ್ದರು. ಪಮ್ಮಿ ಬಾಗಿಲ ಬಳಿ ನಿಂತಿದ್ದಳು. ಹೇಳಿದವಳು ಅವಳೇ.

ಹೇಳಿದ್ದು ಸರಿ. ಹೇಳದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಂತರ ಬಿದುರ್‌ನ ವೈದ್ಯರು ನನಗೆ ಚೆನ್ನಾಗಿಯೇ ಬಿಡಿಸಿ ಹೇಳಿದರು. ಆದರೆ ಮೇಡಂ ಸಿಟ್ಟಿನಲ್ಲಿ, "ಊರಿನ ನೀರು ಕುಡಿದೆಯಂತೆ, ಬುದ್ಧಿ ಬೇಡವಾ?" ಎಂದಾಗ, ಆ 'ಕುಡಿದೆಯಂತೆ'ಯಲ್ಲಿ ಒಬ್ಬಳೇ ಇದ್ದಾಳೆ ಎಂಬುದು ನನಗೆ ಹೊಳೆಯಿತು. ಪಮ್ಮಿ ತಾನೂ ಕುಡಿದದ್ದನ್ನು ಹೇಳಿರಲಿಲ್ಲ. ಅವಳು ಹೊರಗೆ ಹೋಗುವವರೆಗೆ ಕಾದೆ. ಹೋದ ಮೇಲೆ, "ಮೊದಲು ಕುಡಿದವಳೇ ಅವಳು. ಕುಡಿ ಅಂದವಳೂ ಅವಳೇ" ಎಂದೆ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಮೇಡಂ ಏನೂ ಮಾತಾಡಲಿಲ್ಲ. ನನ್ನ ಜೊತೆ ಯಾರನ್ನು ಕಳಿಸುವುದು ಎಂದು ಅವರು ಯೋಚಿಸುತ್ತಿದ್ದರು. ಆ ಯೋಚನೆ ಅಲ್ಲಿಗೆ ಮುಗಿಯಿತು ಎಂದು ಕಾಣುತ್ತದೆ.

ಮೇ 2ರ ಬೆಳಿಗ್ಗೆ ನಾವಿಬ್ಬರೂ ಜೀಪು ಹತ್ತಿದೆವು. ಅದರ ಮರುದಿನವೇ ಆಮಾ ಅವರ ಮನೆಗೆ ಬಾಗಿಲ ಮೇಲಿನ ಪಟ್ಟಿಯ ಕಾಂಕ್ರೀಟು ಹಾಕುವುದಿತ್ತು. ಇಡೀ ಊರು ಸಾಲಾಗಿ ನಿಂತು ಬಾಣಲೆ ಕೈಯಿಂದ ಕೈಗೆ ದಾಟಿಸುವ ದಿನ. ಪಮ್ಮಿ ವಾರದಿಂದ ಅದನ್ನೇ ಕಾಯುತ್ತಿದ್ದಳು, ಕಬ್ಬಿಣ ಕಟ್ಟುವಾಗ ತಂತಿ ತಿರುಚಲು ಡಕರ್ಮಿಯಿಂದ ಕಲಿತಿದ್ದಳು. ಜೀಪು ತಿರುವು ದಾಟುವವರೆಗೂ ಆಮಾ ಗೋಡೆಯ ಪಕ್ಕದಲ್ಲಿ ನಿಂತಿದ್ದರು. ಪಮ್ಮಿ ತಿರುಗಿ ನೋಡಲಿಲ್ಲ.

ಬಿದುರ್‌ನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಜಿಯಾರ್ಡಿಯಾ ಎಂದರು. ಹೊಲಸು ಸೇರಿದ ನೀರಿನಿಂದ ಬರುವ ಈ ಜೀವಿ ಒಂದೆರಡು ವಾರ ಕರುಳಿನಲ್ಲಿ ಸದ್ದಿಲ್ಲದೆ ಇದ್ದು ಆಮೇಲೆ ಕಾಡುತ್ತದೆ. ಕೆಲವರಿಗೆ ಏನೂ ಮಾಡದೆ ಹೋಗುವುದೂ ಉಂಟು. ಪಮ್ಮಿ ಆ ಕೆಲವರಲ್ಲಿ ಒಬ್ಬಳು. ಅದೂ ನನಗೆ ಅನ್ಯಾಯವೆಂದೇ ತೋರಿತು. ಸಂಜೆಗೆ ಬಸ್ಸಿನಲ್ಲಿ ಕಠ್ಮಂಡು ತಲುಪಿ, ಬಾಲಾಜುವಿನ ಹತ್ತಿರ ಮೇಡಂಗೆ ಹಳೆಯ ಪರಿಚಯವಿದ್ದ ಹೆಂಗಸೊಬ್ಬರ ಲಾಡ್ಜಿನಲ್ಲಿ ಉಳಿದೆವು. ತಂಡ ಕೆಳಗಿಳಿದು ಬರುವವರೆಗೆ ಅಲ್ಲೇ ಇರಬೇಕು.

ಮೊದಲ ಎರಡು ದಿನ ನಾವು ಆಡಿದ ಮಾತೆಲ್ಲ ಸೇರಿಸಿದರೆ ಒಂದು ಪುಟವಾಗಲಾರದು. ಅವಳು ಮಾತ್ರೆಯ ಹೊತ್ತಿಗೆ ಮಾತ್ರೆ ಕೊಡುತ್ತಿದ್ದಳು, ನಾನು ನುಂಗುತ್ತಿದ್ದೆ. ಆ ಮಾತ್ರೆಯಿಂದ ಬಾಯಿಯಲ್ಲಿ ಸದಾ ತಾಮ್ರದ ಕಾಸು ಇಟ್ಟುಕೊಂಡಂತಿರುತ್ತಿತ್ತು. ಕಿಟಕಿ ತೆರೆದರೆ, ಕುಡಿಯುವ ನೀರಿನ ಕೊಳವೆಗಾಗಿ ಅಗೆದುಹಾಕಿದ್ದ ರಸ್ತೆಯ ಧೂಳು. ಮುಚ್ಚಿದರೆ ಸೆಖೆ. ಕಿಟಕಿಯ ವಿಷಯಕ್ಕೇ ಮೂರನೆಯ ದಿನ ಮಾತು ಬಂತು, ಅಲ್ಲಿಂದ ಗಡಿಯಾರಕ್ಕೆ ಹೋಯಿತು. ಮಾತ್ರೆಗೆ ಹೊತ್ತಾಯಿತು ಎಂದು ನಾನೆಂದೆ, ಇನ್ನೂ ಕಾಲು ಗಂಟೆ ಇದೆ ಎಂದು ಅವಳೆಂದಳು. "ಈ ದೇಶಕ್ಕೆ ಬಂದು ಇಷ್ಟು ದಿನ ಆದ್ರೂ ಗಡಿಯಾರ ತಿರುಗಿಸ್ಲಿಕ್ಕೆ ನಿಂಗೆ ಎಂತ ಕೊಬ್ಬು?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ ಹತ್ರ ಎಂತ ಹೇಳಿದೆ ಅಂತ ನಂಗೆ ಗೊತ್ತಿದ್ದು" ಎಂದಳು. "ಕುಡಿ ಅಂತ ನಾನು ಹೇಳಿರ್ಲಿಲ್ಲೆ."

ಅಲ್ಲಿ ನಿಲ್ಲಿಸಬಹುದಾಗಿತ್ತು. ತಪ್ಪಾಯಿತು ಎನ್ನಬಹುದಾಗಿತ್ತು. ಬದಲಿಗೆ ನಾನು, ನೀನು ನಿನ್ನ ಹೆಸರು ಬಚ್ಚಿಟ್ಟೆಯಲ್ಲ ಎಂದೆ. ಹೌದು, ಹೆದರಿಕೆಯಾಯಿತು, ಕಾಂಕ್ರೀಟಿನ ದಿನ ತಪ್ಪಿಹೋಗುತ್ತದೆ ಎಂದು ಹೇಳಲಿಲ್ಲ ಎಂದು ಅವಳು ಒಪ್ಪಿಕೊಂಡಳು. ಅವಳು ಹಾಗೆ ಸಲೀಸಾಗಿ ಒಪ್ಪಿಕೊಂಡದ್ದೇ ನನ್ನನ್ನು ಕೆಣಕಿತು. ಆಸ್ಪತ್ರೆಯ ಚೀಟಿಯನ್ನು ನೋಡಿ ಪುಸ್ತಕಕ್ಕೆ ಇಳಿಸುತ್ತಿದ್ದ ಅವಳ ಕೈಯನ್ನು ನೋಡಿ ಹೇಳಿದೆ: "ಬರ್ಕೋ, ಬರ್ಕೋ. ನಿಮ್ಮಪ್ಪ ಮಂಡಿಯಲ್ಲಿ ಎತ್ತಿದ ದುಡ್ಡಲ್ವಾ, ಲೆಕ್ಕ ಸರಿ ಇರ್ಬೇಕು."

ಪೆನ್ನು ನಿಂತಿತು. ಪಮ್ಮಿ ತಲೆಯೆತ್ತಲಿಲ್ಲ. ಆ ಮುಂಗಡದ ವಿಷಯ ಅವಳಿಗೂ ಗೊತ್ತಿರಲಿಲ್ಲ ಎಂಬುದು, ಅವಳು ಪುಸ್ತಕವನ್ನು ಮುಚ್ಚಿದ ರೀತಿಯಲ್ಲೇ ನನಗೆ ತಿಳಿಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು.

ಆ ನಂತರದ ಎರಡು ಗಂಟೆಯನ್ನು ನಾನು ಮರೆತಿಲ್ಲ. ಮೊದಲು ಅವಳನ್ನು ನೋಯಿಸಿದೆನೆಂಬ ಸಂಕಟವಲ್ಲ, ಹೆದರಿಕೆ ಬಂತು. ಖಾತೆಯ ವಿಷಯ ಗುಮಾಸ್ತನ ಮನೆಯಿಂದ ಹೊರಬಿತ್ತು ಎಂದು ಪಮ್ಮಿ ತನ್ನ ಅಪ್ಪನಿಗೆ ಒಂದು ಫೋನು ಮಾಡಿದರೆ, ಅವರು ಮಂಡಿಗೆ ಹೋಗಿ ಒಂದು ಮಾತು ಕೇಳಿದರೆ, ಇಪ್ಪತ್ತೆರಡು ವರ್ಷ ಒಂದೇ ಗಾದಿಯ ಮೇಲೆ ಕುಳಿತು ಬರೆದ ಅಪ್ಪ ಅಲ್ಲಿಂದ ಏಳಬೇಕಾಗುತ್ತಿತ್ತು. ಸಂಕಟ ಬಂದದ್ದು ಆಮೇಲೆ, ಹೊರಗೆ ಕತ್ತಲಾಗತೊಡಗಿ, ಭಾಷೆ ಬಾರದ ಊರಿನಲ್ಲಿ ಅವಳು ಒಬ್ಬಳೇ ಎಲ್ಲಿದ್ದಾಳೋ ಎಂದು ಅನ್ನಿಸಿದಾಗ. ಮೆಟ್ಟಿಲಿಳಿದು ಹುಡುಕಲು ಹೊರಟೆ. ಮೊದಲ ತಿರುವಿನಲ್ಲೇ ಕಾಲು ಸೋತು ಕುಳಿತೆ.

ಅವಳು ಬಂದಾಗ ನಾನು ಆ ಮೆಟ್ಟಿಲ ಮೇಲೇ ಇದ್ದೆ. ಅವಳ ಕೈಯಲ್ಲಿ ಒಂದು ಕಾಗದದ ಪೊಟ್ಟಣ, ಒಂದು ಮಣ್ಣಿನ ಕುಡಿಕೆ. "ಏಳು" ಎಂದಷ್ಟೇ ಹೇಳಿದಳು. ಕೋಣೆಯಲ್ಲಿ ಬಿಚ್ಚಿದರೆ ಅವಲಕ್ಕಿ, ಮೊಸರು. ಅಲ್ಲಿ ಅದಕ್ಕೆ ಚಿಉರಾ ಎನ್ನುತ್ತಾರೆ, ನಮ್ಮ ದಪ್ಪ ಅವಲಕ್ಕಿಗಿಂತ ಒಂದಿಷ್ಟು ಗಡಸು. ಹೆಸರು ತಿಳಿಯದೆ ಅವಳು ಅಂಗಡಿಯಲ್ಲಿ ಅಕ್ಕಿ ತೋರಿಸಿ, ಅಂಗೈ ಮೇಲೆ ಮುಷ್ಟಿಯಿಂದ ಕುಟ್ಟಿ ತೋರಿಸಿ ಕೊಂಡು ತಂದಿದ್ದಳಂತೆ. ಇದನ್ನು ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಲಾಡ್ಜಿನವರಿಂದ ಉಪ್ಪು ಕೇಳಿ ತಂದು, ತಟ್ಟೆಯಲ್ಲಿ ಕಲಸಿ, ಮೆತ್ತಗಾಗಲಿ ಎಂದು 'ಕಾಲು ಗಂಟೆ' ಮುಚ್ಚಿಟ್ಟಳು. ಒಂದೇ ತಟ್ಟೆಯಿಂದ ಇಬ್ಬರೂ ತಿಂದೆವು. ಐದು ದಿನದಲ್ಲಿ ಹೊಟ್ಟೆಯಲ್ಲಿ ನಿಂತ ಮೊದಲ ಊಟ ಅದು. ನಾನು ತಪ್ಪಾಯಿತು ಎಂದೆ. ಯಾವುದಕ್ಕೆ ಎಂದು ಅವಳು ಕೇಳಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ತಟ್ಟೆ ತೊಳೆದಿಟ್ಟು, ಪುಸ್ತಕ ತೆಗೆದು, ಅವಲಕ್ಕಿ ಮೊಸರು ಎಂದು ಬರೆದು, ಬೆಲೆಯ ಅರ್ಧವನ್ನು ನನ್ನ ಲೆಕ್ಕಕ್ಕೆ ಸೇರಿಸಿದಳು.

ಮೇ 7ರಂದು ತಂಡ ಕೆಳಗಿಳಿದು ಬಂತು. ಪಟ್ಟಿಯ ಕಾಂಕ್ರೀಟು ಸುಸೂತ್ರವಾಗಿ ಆಗಿತ್ತು; ಆಮಾ ಪಮ್ಮಿಗೆ ಒಂದು ಹಿಡಿ ಜೋಳದ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದರು. ವಾಪಸು ಬರುವ ರೈಲಿನಲ್ಲಿ ನಾವು ಎಂದಿನಂತೆ ಮಾತಾಡಿದೆವು ಎಂದು ನೋಡಿದವರು ಹೇಳಿಯಾರು. ಅದು ಎಂದಿನಂತೆ ಇರಲಿಲ್ಲ. ಯಾವ ಮಾತಿನ ಪಕ್ಕದಲ್ಲಿ ಯಾವ ಮಾತಿದೆ ಎಂದು ಇಬ್ಬರೂ ನೋಡಿಕೊಂಡು ಮಾತಾಡುತ್ತಿದ್ದೆವು. ಗಡಿ ದಾಟಿದ ಮೇಲೆ ನಾನು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದಾಗ ಅವಳು ನಕ್ಕಳು.

ಸಾಲದ ಮೊತ್ತ 2,944 ನೇಪಾಳಿ ರೂಪಾಯಿ. ಒಂದು ಪಾಯಿಂಟ್ ಆರರಿಂದ ಭಾಗಿಸಿದರೆ 1,840. ಅಪ್ಪನಿಗೆ ಸಾಲದ ವಿಷಯ ಹೇಳಿದೆ, ಉಳಿದದ್ದನ್ನು ಹೇಳಲಿಲ್ಲ. ಅಪ್ಪ ಮಂಡಿಯಿಂದ ಬರುವಾಗ ನೂರರ ಹತ್ತೊಂಬತ್ತು ನೋಟು ತಂದುಕೊಟ್ಟು, "ಅವರ ಮನೆಯವರು ಬೇಡ ಅಂತಾರೆ, ಕೊಟ್ಟೇ ಬರಬೇಕು" ಎಂದರು. ನನಗಿದ್ದ ಹೆದರಿಕೆಯೂ ಅದೇ: ಪಮ್ಮಿ ಬೇಡವೆಂದರೆ ಆ ಕೋಣೆಯಲ್ಲಿ ನಾನಾಡಿದ ಮಾತು ನಮ್ಮಿಬ್ಬರ ನಡುವೆ ಹಾಗೆಯೇ ಕುಳಿತುಬಿಡುತ್ತದೆ.

ಜೂನ್‌ನ ಮೊದಲ ವಾರ, ಮಳೆ ಹಿಡಿದಿತ್ತು. ಸಾಗರದ ಬಸ್ ನಿಲ್ದಾಣದಲ್ಲಿ ಅವಳ ಬಸ್ಸಿಗೆ ಇನ್ನೂ ಹೊತ್ತಿತ್ತು. ನೋಟುಗಳನ್ನು ಕೊಟ್ಟೆ. ಪಮ್ಮಿ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೆರಳನ್ನು ನಾಲಿಗೆಗೆ ತಾಗಿಸಿ, ಹತ್ತೊಂಬತ್ತನ್ನೂ ಒಂದೊಂದಾಗಿ ಎಣಿಸಿದಳು. ಪರ್ಸಿನ ಚಿಲ್ಲರೆ ಖಾನೆಯನ್ನು ತಡಕಾಡಿ ಒಂದು ಐವತ್ತು, ಒಂದು ಹತ್ತು ತೆಗೆದು ನನ್ನ ಕೈಗಿಟ್ಟಳು. ನೋಟ್‌ಪುಸ್ತಕದಲ್ಲಿ ನನ್ನ ಹೆಸರಿದ್ದ ಪುಟಕ್ಕೆ ಅಡ್ಡಗೆರೆ ಎಳೆದಳು.

ಬಸ್ಸು ಬಂತು. ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಎಂದು ಗೊತ್ತಿತ್ತು. "ಪಮ್ಮಿ, ಆ ಮಾತು ಮನೆಯಲ್ಲಿ ಹೇಳಿದ್ಯಾ?" ಎಂದೆ.

ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕೊಡೆ ಮಡಚುತ್ತಿದ್ದಳು. "ಎಂತದನ್ನ?" ಎಂದಳು. "ಮಳೆಯಲ್ಲಿ ನಿಲ್ಬೇಡ, ಹೋಗು. ಮೊದ್ಲೇ ಹೊಟ್ಟೆ ಸರಿ ಇಲ್ಲೆ."